ಗುಂಟೆ ಮತ್ತು ಚುಕ್ಕೆ: ಬೆಂಗಳೂರಿನ ಕೆರೆಯಂಚಿನ ನೆಲವನ್ನು ಅಳೆಯುವ ಬಗ್ಗೆ ಒಂದು ಸಂಶೋಧನಾ ಟಿಪ್ಪಣಿ

ಕಂದಾಯದ ಲೆಕ್ಕದಲ್ಲಿ 33 ಅಡಿ ಉದ್ದ, 33 ಅಡಿ ಅಗಲದ ನೆಲಕ್ಕೆ ಒಂದು ಗುಂಟೆ. ಗುಂಟೆಗೆ 16 ಆಣೆ, ಎಕರೆಗೆ 40 ಗುಂಟೆ. ಮೀಟರಿಗೆ ಇಳಿಸಿದರೆ ಗುಂಟೆಯೆಂದರೆ 101 ಚದರ ಮೀಟರಿಗೆ ತುಸು ಹೆಚ್ಚು. ಇತ್ತ, 2015ರಿಂದ ಭೂಮಿಯನ್ನು ಸುತ್ತುತ್ತಿರುವ ಯುರೋಪಿನ ಸೆಂಟಿನೆಲ್-2 ಉಪಗ್ರಹವು ತನ್ನ ಅತಿ ಸೂಕ್ಷ್ಮ ಚಿತ್ರಗಳಲ್ಲಿ ನೆಲವನ್ನು 10 ಮೀಟರ್ ಚೌಕದ ಚುಕ್ಕೆಗಳಾಗಿ ಒಡೆದು ತೋರಿಸುತ್ತದೆ. ಒಂದು ಚುಕ್ಕೆ, ಅಂದರೆ ಪಿಕ್ಸೆಲ್, 100 ಚದರ ಮೀಟರ್. ಶಾನುಭೋಗರ ಗುಂಟೆಯೂ ಉಪಗ್ರಹದ ಚುಕ್ಕೆಯೂ ಹೀಗೆ ಒಂದೇ ಅಳತೆಗೆ ಬಂದು ನಿಂತದ್ದು ಕಾಕತಾಳೀಯ. ಆದರೆ ಬೆಂಗಳೂರಿನ ಕೆರೆಗಳ ಸುತ್ತಲಿನ ನೆಲ-ಬಳಕೆಯನ್ನು ಅಭ್ಯಾಸ ಮಾಡುವವರಿಗೆ ಕೈಗೆ ಬರುವ ಕಾಕತಾಳೀಯ. ಈ ಟಿಪ್ಪಣಿಯ ವಾದ ಇಷ್ಟೆ: ನಗರ ಕಳೆದುಕೊಂಡ ಹಸಿರನ್ನೂ ನೀರನ್ನೂ ನಾವು ಇಷ್ಟು ದಿನ ದೊಡ್ಡ ಚುಕ್ಕೆಗಳಲ್ಲಿ ಎಣಿಸಿಕೊಂಡು ಬಂದಿದ್ದೇವೆ; ಕಳೆದುಹೋದದ್ದರಲ್ಲಿ ಮುಖ್ಯವಾದದ್ದು ಗುಂಟೆಗಳ ಲೆಕ್ಕದಲ್ಲಿತ್ತು.

ಗೊತ್ತಿರುವುದನ್ನು ಮೊದಲು ಹೇಳಿಬಿಡೋಣ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಅವರ ಸಂಗಡಿಗರು 1973ರಿಂದೀಚಿನ ಉಪಗ್ರಹ ಚಿತ್ರಗಳನ್ನು ಸಾಲಾಗಿ ಇಟ್ಟು ಬೃಹತ್ ಬೆಂಗಳೂರಿನ 741 ಚದರ ಕಿ.ಮೀ. ನೆಲದ ಚರಿತ್ರೆಯನ್ನು ಬರೆದಿದ್ದಾರೆ. ಅವರ ಲೆಕ್ಕದಲ್ಲಿ 1973ರಲ್ಲಿ ಈ ನೆಲದ ಶೇ. 68ರಷ್ಟು ಭಾಗ ಸಸ್ಯಾವರಣವಾಗಿತ್ತು. 2012ರ ಹೊತ್ತಿಗೆ ಅದು ಶೇ. 25ಕ್ಕೂ ಕೆಳಗಿಳಿಯಿತು. ನೀರಿನ ಹರವು ಶೇ. 79ರಷ್ಟು ಕುಗ್ಗಿತು. ಊರಿನಲ್ಲಿ ಏಳು ಜನಕ್ಕೆ ಒಂದು ಮರ ಉಳಿದಿದೆ ಎಂಬ, ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುವ ಮಾತೂ ಇದೇ ಗುಂಪಿನ ಅಧ್ಯಯನದಿಂದ ಬಂದದ್ದು. ಕಟ್ಟಡ ಮತ್ತು ರಸ್ತೆಗಳ ನೆಲ 1973ರಲ್ಲಿ ಶೇ. 8ರಷ್ಟು ಮಾತ್ರ ಇದ್ದುದರಿಂದ, ಆಮೇಲಿನ ಬೆಳವಣಿಗೆಯನ್ನು ಶೇಕಡಾವಾರಿನಲ್ಲಿ ಹೇಳಹೊರಟರೆ ಅಂಕಿಗಳು ನೂರುಗಳಲ್ಲಿ ಹಾರುತ್ತವೆ. ಯಾವ ವರ್ಷದಿಂದ ಯಾವ ವರ್ಷಕ್ಕೆ, ಯಾವ ಗಡಿಯೊಳಗೆ ಎಂದು ಕೇಳದೆ ಆ ಅಂಕಿಗಳನ್ನು ಎತ್ತಿ ಬಳಸುವ ಚಾಳಿ ನಮ್ಮಲ್ಲಿ ಬೆಳೆದಿದೆ. ದಿಕ್ಕಿನ ಬಗ್ಗೆ ಅನುಮಾನವಿಲ್ಲ. ಅನುಮಾನವಿರುವುದು ಕಣ್ಣಿನ ಬಗ್ಗೆ.

1973ರ ಲ್ಯಾಂಡ್‌ಸ್ಯಾಟ್ ಚಿತ್ರದ ಒಂದು ಚುಕ್ಕೆ ನೆಲದ ಮೇಲೆ ಸುಮಾರು 80 ಮೀಟರ್ ಚೌಕ. ಅದನ್ನು ನಮ್ಮ ಅಳತೆಗೆ ತಂದರೆ 1 ಎಕರೆ 23 ಗುಂಟೆ. ಆಮೇಲಿನ ಲ್ಯಾಂಡ್‌ಸ್ಯಾಟ್‌ಗಳು 30 ಮೀಟರಿಗೆ ಇಳಿದವು. ಅಂದರೆ ಒಂದು ಚುಕ್ಕೆಗೆ ಸುಮಾರು 9 ಗುಂಟೆ. ಈ ಚುಕ್ಕೆಯೊಳಗೆ ಏನೆಲ್ಲ ಇದ್ದರೂ ಉಪಗ್ರಹ ಅದಕ್ಕೆ ಒಂದೇ ಹೆಸರು ಕೊಡುತ್ತದೆ. ಒಂದು ಮೂಲೆಯಲ್ಲಿ ಕುಂಟೆ, ನಡುವೆ ಹಾದುಹೋದ ನಾಲ್ಕು ಮೀಟರಿನ ಕಾಲುವೆ, ದಡದಲ್ಲಿ ಹತ್ತು ಹೊಂಗೆಮರ, ಉಳಿದದ್ದು ರಾಗಿ ಹೊಲ ಎಂದುಕೊಳ್ಳಿ. ಚಿತ್ರ ಅದನ್ನು ಹೊಲ ಎನ್ನುತ್ತದೆ. ಮುಂದೆ ಆ ಕುಂಟೆ ಮುಚ್ಚಿಹೋಯಿತು, ಕಾಲುವೆಯ ಮೇಲೆ ಚಪ್ಪಡಿ ಬಿತ್ತು, ಹೊಲ ಬೀಳುಬಿಟ್ಟು ಹಸಿರಾಗಿಯೇ ಉಳಿಯಿತು. ಚಿತ್ರದಲ್ಲಿ ಏನೂ ಆಗಿಲ್ಲ. ಊರಿನ ನೀರಿನ ಪಾಲಿಗೆ ಎಲ್ಲವೂ ಆಗಿಹೋಗಿದೆ. ಬೆಳ್ಳಂದೂರಿನಂಥ ಸುಮಾರು 900 ಎಕರೆಯ ಕೆರೆಯ ಮಟ್ಟಿಗೆ ಉಪಗ್ರಹದ ಮಾತನ್ನು ನಂಬಬಹುದು. ಅದಕ್ಕೆ ನೀರು ತರುತ್ತಿದ್ದ ಸಣ್ಣ ನಾಳಗಳ ಮಟ್ಟಿಗೆ ಅದು ಹುಟ್ಟುಗುರುಡು.

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ದಿಬ್ಬದ ಮೇಲೆ ಕೂತ ಊರು. ವರ್ಷಪೂರ್ತಿ ಹರಿಯುವ ಹೊಳೆಯೊಂದು ಊರಿಗಿಲ್ಲ. ದಿಬ್ಬದ ಮೇಲೆ ಬಿದ್ದ ಮಳೆ ವೃಷಭಾವತಿ ಕಣಿವೆಯಲ್ಲಿ ಅರ್ಕಾವತಿಯ ಕಡೆಗೂ, ಹೆಬ್ಬಾಳ ಮತ್ತು ಕೋರಮಂಗಲ-ಚಲ್ಲಘಟ್ಟ ಕಣಿವೆಗಳಲ್ಲಿ ದಕ್ಷಿಣ ಪಿನಾಕಿನಿಯ ಕಡೆಗೂ ಇಳಿಯುತ್ತದೆ. ಇಳಿಯುವ ನೀರನ್ನು ಹೆಜ್ಜೆಹೆಜ್ಜೆಗೆ ತಡೆದು ನಿಲ್ಲಿಸಿದ್ದೇ ಕೆರೆಗಳ ಸರಪಳಿ. ಮಡಿವಾಳದ ಕೋಡಿ ಬಿದ್ದರೆ ಅಗರಕ್ಕೆ, ಅಗರದ ಕೋಡಿ ಬಿದ್ದರೆ ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ. ಊರುಗಳ ಹೆಸರಿನಲ್ಲಿಯೇ ಈ ಲೆಕ್ಕ ಉಳಿದಿದೆ: ಅಳ್ಳಾಳಸಂದ್ರ, ಸಿಂಗಸಂದ್ರ, ಬೊಮ್ಮಸಂದ್ರಗಳ ‘ಸಂದ್ರ’ ‘ಸಮುದ್ರ’ದಿಂದ ಸವೆದು ಬಂದದ್ದು. ಕಡಲಿನಿಂದ ನೂರಾರು ಕಿ.ಮೀ. ದೂರದ ದಿಬ್ಬದ ಮೇಲೆ ಊರೂರಿಗೂ ಒಂದು ಸಮುದ್ರ!

ಸರಪಳಿಯ ಒಂದು ಕೊಂಡಿಯನ್ನು ಹತ್ತಿರದಿಂದ ನೋಡಬೇಕು, ಏಕೆಂದರೆ ಕೆರೆಯೆಂದರೆ ಯಾವ ನೆಲ ಎಂಬ ಪ್ರಶ್ನೆಗೆ ನಗರ ತಪ್ಪು ಉತ್ತರ ಕೊಟ್ಟುಕೊಂಡಿದೆ. ಕೆರೆಗೆ ಏರಿ ಇರುವುದು ಒಂದೇ ಕಡೆ, ಇಳಿಜಾರಿನ ಕೆಳಬದಿಗೆ. ಏರಿಯ ಬುಡದಲ್ಲಿ ನೀರು ಆಳ. ಮೇಲುಬದಿಗೆ ಹೋದಂತೆ ಆಳ ಕಡಿಮೆಯಾಗುತ್ತ, ಕೊನೆಗೆ ಮೊಣಕಾಲುದ್ದ, ಹಿಮ್ಮಡಿಯುದ್ದ, ಬರೀ ತೇವ. ಆ ಕಡೆ ಕೆರೆಗೆ ಗಡಿಯೇ ಇಲ್ಲ. ಮಳೆ ಹೆಚ್ಚಾದ ವರ್ಷ ಅಂಚು ಮುಂದೆ ಸರಿಯುತ್ತದೆ, ಕಡಿಮೆಯಾದ ವರ್ಷ ಹಿಂದೆ ಸರಿಯುತ್ತದೆ. ಜೊಂಡು ಬೆಳೆಯುವುದು, ನೀರುಕೋಳಿ ಗೂಡುಕಟ್ಟುವುದು, ಮೀನು ಮರಿ ಮಾಡುವುದು, ಬೇಸಿಗೆಯಲ್ಲಿ ದನ ಮೇಯುವುದು, ಕುಂಬಾರರು ಜೇಡಿ ತೆಗೆಯುವುದು, ರೈತರು ಗಾಡಿಗೆ ಹೂಳು ತುಂಬುವುದು ಎಲ್ಲವೂ ಕೆರೆಯಂಗಳದ ಈ ಸರಿದಾಡುವ ನೆಲದಲ್ಲಿ. ಏರಿಯ ಕೆಳಗೆ ತೂಬಿನಿಂದ ನೀರು ಪಡೆಯುವ ಅಚ್ಚುಕಟ್ಟು, ಪಕ್ಕದಲ್ಲಿ ಕೋಡಿಹಳ್ಳ, ಮೇಲೆ ಗೋಮಾಳ, ಊರ ಅಂಚಿನಲ್ಲಿ ಗುಂಡುತೋಪು. ಕೆರೆಯೆಂದರೆ ಇದೆಲ್ಲ. ನಡುವೆ ಮಿನುಗುವ ನೀರು ಅದರ ಒಂದು ಪಾಲು.

ಈ ತಿಳಿವಳಿಕೆ ನಮ್ಮ ಶಾಸನಗಳಷ್ಟು ಹಳೆಯದು. ಬಿ.ಎಲ್. ರೈಸ್ 1905ರಲ್ಲಿ ಹೊರತಂದ ಬೆಂಗಳೂರು ಜಿಲ್ಲೆಯ ಎಪಿಗ್ರಾಫಿಯ ಕರ್ನಾಟಿಕ ಸಂಪುಟವನ್ನಾಗಲಿ, ನಾಡಿನ ಬೇರೆ ಯಾವುದೇ ಜಿಲ್ಲೆಯ ಸಂಪುಟವನ್ನಾಗಲಿ ತಿರುವಿದವರಿಗೆ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಮಾತುಗಳು ಹೊಸತಲ್ಲ. ಕೆರೆ ಕಟ್ಟಿಸಿದವರಿಗೆ, ಅದನ್ನು ದುರಸ್ತಿಯಲ್ಲಿಡುವವರಿಗೆ ಎಂದು ನೆಲ ಬಿಟ್ಟುಕೊಡುತ್ತಿದ್ದ ಪದ್ಧತಿ ಅದು. ಕೆರೆಯನ್ನು ಉಳಿಸುವುದು ಅದರ ಕೆಳಗಿನ ನೆಲ ಎಂಬುದನ್ನು ಶಾಸನ ಬರೆಸಿದವರು ಅರಿತಿದ್ದರು. ಸರ್ವೆ ನಂಬರಿಗೊಂದು ಕೆರೆ ಎಂದು ಬೇಲಿ ಸುತ್ತಿ, ಸುತ್ತಲ ನೆಲವನ್ನು ಲೆಕ್ಕದಿಂದ ಬಿಡುವ ಯೋಚನೆ ಈಚಿನದು.

ಈಚಿನದು ಎಂದರೆ ಎಷ್ಟು ಈಚಿನದು? ಇಲ್ಲಿ ಕಂದಾಯದ ಒಂದು ಪಾರಿಭಾಷಿಕ ಪದವನ್ನು ಹಿಡಿದು ಸ್ವಲ್ಪ ಹೊತ್ತು ಕೂರಬೇಕಾಗುತ್ತದೆ. ಪದ ‘ಖರಾಬು’. ಸಾಗುವಳಿಗೆ ಬಾರದ, ಹಾಗಾಗಿ ಕಂದಾಯ ಕಟ್ಟದ ನೆಲ. 1966ರ ಕರ್ನಾಟಕ ಭೂ ಕಂದಾಯ ನಿಯಮಗಳು ಅದನ್ನು ಎರಡಾಗಿ ಸೀಳುತ್ತವೆ. ಬಂಡೆ ಮೊದಲಾದ ಕಾರಣಕ್ಕೆ ಉಳುಮೆಗೆ ಒಗ್ಗದ್ದು ‘ಎ’ ಖರಾಬು. ರಸ್ತೆ, ಕಾಲುದಾರಿ, ಹಳ್ಳ, ಕೆರೆ ಮೊದಲಾಗಿ ಹತ್ತು ಜನ ಬಳಸುವಂಥದ್ದು ‘ಬಿ’ ಖರಾಬು. ಒಬ್ಬ ರೈತನ ಸರ್ವೆ ನಂಬರಿನೊಳಗೆ ಹರಿದುಹೋಗುವ ಕಾಲುವೆ ಈ ‘ಬಿ’ ಖರಾಬಿನಲ್ಲಿ ಬರುತ್ತದೆ. ಪಹಣಿಯಲ್ಲಿ ಅದು ‘ಇಷ್ಟು ಗುಂಟೆ ಖರಾಬು’ ಎಂಬ ಒಂದು ಅಂಕಿ. 6 ಗುಂಟೆ, 11 ಗುಂಟೆ, ಒಮ್ಮೊಮ್ಮೆ 2 ಗುಂಟೆ.

ಊರಿನ ಜೀವನಾಡಿಯನ್ನು ‘ಕೆಟ್ಟ ನೆಲ’ ಎಂಬ ಶೀರ್ಷಿಕೆಯಡಿ ಬರೆದಿಟ್ಟದ್ದು ಬರೀ ಹೆಸರಿನ ವಿಚಾರ ಎಂದು ಕೆಲವರು ವಾದಿಸಬಹುದು. ನಾನು ಒಪ್ಪುವುದಿಲ್ಲ. ಕಂದಾಯವಿಲ್ಲದ ನೆಲಕ್ಕೆ ಕಾವಲೂ ಇರುವುದಿಲ್ಲ. ಹಳ್ಳಿಯಾಗಿದ್ದಾಗ ನೀರು ಹಂಚುವ ನೀರುಗಂಟಿ, ಊರು ಕಾಯುವ ತೋಟಿಗಳು ಆ ಕಾವಲು ಮಾಡಿದರು. ಕಾಲುವೆ ಮುಚ್ಚಿದವನಿಗೆ ಕೆಳಗಿನ ಅಚ್ಚುಕಟ್ಟಿನವರೇ ಅಡ್ಡ ನಿಂತರು. ಹೊಲ ಬಡಾವಣೆಯಾದ ದಿನ ಕೆಳಗೆ ಅಚ್ಚುಕಟ್ಟು ಇರಲಿಲ್ಲ, ಅಡ್ಡ ನಿಲ್ಲುವವರೂ ಇರಲಿಲ್ಲ. ಎಕರೆಗಟ್ಟಲೆ ಇದ್ದ ಕೆರೆಯ ಒತ್ತುವರಿ ಸುದ್ದಿಯಾಯಿತು. 2007ರಲ್ಲಿ ಎ.ಟಿ. ರಾಮಸ್ವಾಮಿ ಅವರ ನೇತೃತ್ವದ ಸದನ ಸಮಿತಿ, 2017ರಲ್ಲಿ ಕೆ.ಬಿ. ಕೋಳಿವಾಡ ಅವರ ನೇತೃತ್ವದ ಸಮಿತಿ ಅದನ್ನು ದಾಖಲಿಸಿದವು. 6 ಗುಂಟೆಯ ಕಾಲುವೆ ಸದ್ದಿಲ್ಲದೆ ಹೋಯಿತು.

ಕೆರೆಗಳು ಹೋದ ಬಗೆಯನ್ನು ಬೆಂಗಳೂರಿನವರಿಗೆ ಹೊಸದಾಗಿ ಹೇಳಬೇಕಿಲ್ಲ. ಧರ್ಮಾಂಬುಧಿ ಬಸ್ ನಿಲ್ದಾಣವಾಯಿತು, ಕೋರಮಂಗಲದ ಕೆರೆಯಂಗಳದಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟದ ವಸತಿ ಎದ್ದಿತು, ಅಕ್ಕಿತಿಮ್ಮನಹಳ್ಳಿಯ ಕೆರೆ ಹಾಕಿ ಮೈದಾನವಾಯಿತು. ಪಟ್ಟಿ ಎಲ್ಲರ ಬಾಯಲ್ಲೂ ಇದೆ. ಕಲಿಯಬೇಕಾದ್ದು ಸಂಪಂಗಿ ಕೆರೆಯ ಕತೆಯಲ್ಲಿದೆ. ಈಗ ಅಲ್ಲಿ ಕಂಠೀರವ ಕ್ರೀಡಾಂಗಣ. ಹಿತಾ ಉಣ್ಣಿಕೃಷ್ಣನ್, ಹರಿಣಿ ನಾಗೇಂದ್ರ ಮತ್ತಿತರರು ಹಳೆಯ ನಕ್ಷೆ, ಕಡತ, ಹಿರಿಯರ ನೆನಪುಗಳನ್ನು ಒಟ್ಟಿಗೆ ಓದಿ ಈ ಕೆರೆಯ ಮಾರ್ಪಾಡನ್ನು ಹಿಡಿದುಕೊಟ್ಟಿದ್ದಾರೆ. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂತು. ಊರಿಗೆ ಸಂಪಂಗಿಯ ನೀರು ಬೇಡವಾಯಿತು. ಬೇಕಾಗಿದ್ದವರು ಕೆರೆಯ ನೀರನ್ನು ನಂಬಿ ಹೂವು-ತರಕಾರಿ ಬೆಳೆಯುತ್ತಿದ್ದವರು. ಬೇಡವಾಗಿದ್ದವರು ಕೆರೆಯಂಗಳ ಒಣಗಿದರೆ ಆಟದ ಬಯಲಾದೀತು ಎಂದುಕೊಂಡವರು. ಯಾರ ಮಾತು ನಡೆಯಿತೆಂಬುದಕ್ಕೆ ಕ್ರೀಡಾಂಗಣವೇ ಸಾಕ್ಷಿ. ಅದರ ಒಂದು ಮೂಲೆಯಲ್ಲಿ ಪುಟ್ಟ ಕೊಳವೊಂದು ಉಳಿದಿದೆ, ತಿಗಳರು ನಡೆಸುವ ಕರಗದ ಆಚರಣೆಗೆ ಅದು ಬೇಕೆಂಬ ಕಾರಣಕ್ಕೆ. ಅವರ ಪೂಜೆ ಇಲ್ಲದಿದ್ದರೆ ಅಷ್ಟೂ ಉಳಿಯುತ್ತಿರಲಿಲ್ಲ.

ಈ ಕತೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಕೊಳವೆ. ದೂರದಿಂದ ನೀರು ಬಂದಾಗಲೆಲ್ಲ ಹತ್ತಿರದ ನೀರಿನ ನೆಲ ‘ಖಾಲಿ ಜಾಗ’ವಾಗುತ್ತದೆ. 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ ಮೊದಲ ಹಂತ, 2024ರ ಅಕ್ಟೋಬರಿನಲ್ಲಿ ದಿನಕ್ಕೆ 775 ದಶಲಕ್ಷ ಲೀಟರಿನ ಐದನೇ ಹಂತ. ಸುಮಾರು 100 ಕಿ.ಮೀ. ದೂರದಿಂದ, ಅರ್ಧ ಕಿ.ಮೀ. ಎತ್ತರಕ್ಕೆ ನೀರೆತ್ತುವ ಈ ಸಾಹಸವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಊರಿನ ಬಾಯಾರಿಕೆ ಸುಳ್ಳಲ್ಲ. ಆದರೆ 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಸಾಲಾಗಿ ಕೈಕೊಟ್ಟಾಗ, ಅದಕ್ಕೂ ಎರಡು ವರ್ಷದ ಹಿಂದೆ ಇದೇ ಊರು ಮುಳುಗಿತ್ತು ಎಂಬುದನ್ನು ಮರೆತು ಮಾತಾಡಿದೆವು.

2022ರ ಸೆಪ್ಟೆಂಬರ್ 5ರ ಬೆಳಿಗ್ಗೆಗೆ ಮುಗಿದ 24 ಗಂಟೆಗಳಲ್ಲಿ ಬೆಂಗಳೂರಿನಲ್ಲಿ 131.6 ಮಿ.ಮೀ. ಮಳೆ ದಾಖಲಾಯಿತು. ಯಮಲೂರು, ಬೆಳ್ಳಂದೂರು, ಹೊರವರ್ತುಲ ರಸ್ತೆಯ ಕಚೇರಿಗಳ ಮುಂದೆ ಟ್ರಾಕ್ಟರಿನಲ್ಲಿ ಜನ ಓಡಾಡಿದ ಚಿತ್ರಗಳು ಎಲ್ಲರಿಗೂ ನೆನಪಿರಬೇಕು. ಅಂದಿನ ಮಳೆಯನ್ನು ಗುಂಟೆಗೆ ಹಂಚಿ ನೋಡೋಣ. ಒಂದು ಗುಂಟೆಯ ಮೇಲೆ ಬಿದ್ದದ್ದು ಸುಮಾರು 13,300 ಲೀಟರ್. ಕಾಂಕ್ರೀಟು, ಡಾಂಬರು ಹಾಸಿದ ನೆಲದಿಂದ ಹತ್ತರಲ್ಲಿ ಒಂಬತ್ತು ಪಾಲು ಹರಿದುಹೋಗುತ್ತದೆ ಎಂಬುದು ಎಂಜಿನಿಯರುಗಳ ವಾಡಿಕೆಯ ಲೆಕ್ಕ. ಅಂದರೆ 12,000 ಲೀಟರ್, ಬೇಸಿಗೆಯಲ್ಲಿ ನಾವು ಕಾಸು ಕೊಟ್ಟು ತರಿಸುವ ದೊಡ್ಡ ಟ್ಯಾಂಕರಿನ ಒಂದು ಲೋಡು. ಗುಂಟೆಗೊಂದು ಟ್ಯಾಂಕರ್! ತೋಟದ, ಹುಲ್ಲಿನ ನೆಲವಾಗಿದ್ದರೆ ಹತ್ತರಲ್ಲಿ ಎರಡು ಪಾಲು, 2,700 ಲೀಟರಿನಷ್ಟು, ಹೊರಗೆ ಹೋಗುತ್ತಿತ್ತು. ನೆಲ ಮೊದಲೇ ನೆನೆದಿದ್ದರೆ ಈ ಪಾಲು ಏರುತ್ತದೆ, ಮತ್ತು ಅಂದು ನೆಲ ಚೆನ್ನಾಗಿ ನೆನೆದೇ ಇತ್ತು. ಹಾಗಾಗಿ ಇದನ್ನು ಅಂದಾಜಾಗಿಯೇ ತೆಗೆದುಕೊಳ್ಳಬೇಕು. ಅಂದಾಜಿಗೇ ಇಷ್ಟು ಅಂತರ. ಪ್ರವಾಹ ಮತ್ತು ಬರ ಎರಡು ಬೇರೆ ಇಲಾಖೆಗಳ ಕಡತಗಳಲ್ಲಿ ಇರುವುದರಿಂದ ಬೇರೆ ಬೇರೆ ಎನಿಸುತ್ತವೆ. ಗುಂಟೆಯ ಲೆಕ್ಕದಲ್ಲಿ ಅವು ಒಂದೇ ಟ್ಯಾಂಕರಿನ ನೀರು: ಸೆಪ್ಟೆಂಬರಿನಲ್ಲಿ ಬೇಡವೆಂದು ಓಡಿಸಿದ್ದು, ಮಾರ್ಚಿನಲ್ಲಿ ಬೇಕೆಂದು ಕರೆದದ್ದು.

ಇದೇ ಗುಂಟೆಗೋಲನ್ನು ಕಾನೂನಿನ ಮೇಲೂ ಇಟ್ಟು ನೋಡಬೇಕು. ನಗರದ ‘ಪರಿಷ್ಕೃತ ಮಹಾಯೋಜನೆ-2015’ ಕೆರೆಗೆ 30 ಮೀಟರ್, ರಾಜಕಾಲುವೆಗಳಿಗೆ ಅವುಗಳ ದರ್ಜೆಯ ಪ್ರಕಾರ 50, 25 ಮತ್ತು 15 ಮೀಟರ್ ಮೀಸಲು ಅಂಚನ್ನು ಗೊತ್ತುಮಾಡಿತು. ಕಾಲುವೆಯ ಅಂಚನ್ನು ಅಳೆಯುವುದು ಅದರ ನಡುಗೆರೆಯಿಂದ. 2016ರ ಮೇ 4ರಂದು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ ಇದನ್ನು ಹಿಗ್ಗಿಸಿತು: ಕೆರೆಗೆ 75 ಮೀಟರ್, ಕಾಲುವೆಗಳಿಗೆ 50, 35 ಮತ್ತು 25 ಮೀಟರ್, ಅದೂ ದಡದಿಂದ. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಈ ಹಿಗ್ಗುವಿಕೆಯನ್ನು ರದ್ದು ಮಾಡಿತು. ಶಾಸನಬದ್ಧ ಯೋಜನೆಯ ವಲಯ ನಿಯಮಗಳನ್ನು ತಿದ್ದುವ ಅಧಿಕಾರ ನ್ಯಾಯಾಧಿಕರಣಕ್ಕೆ ಇಲ್ಲ ಎಂಬುದು ಅದರ ತರ್ಕ. ಕಾನೂನಿನ ದೃಷ್ಟಿಯಿಂದ ಆ ತರ್ಕದಲ್ಲಿ ಹುಳುಕು ಹುಡುಕುವುದು ಕಷ್ಟ. ಯಾವ ಅಳತೆ ನೀರಿಗೆ ಸಾಕಾಗುತ್ತದೆ ಎಂಬ ಪ್ರಶ್ನೆ ಮಾತ್ರ ಅದರಿಂದ ತೀರಲಿಲ್ಲ.

ನಡುಗೆರೆ, ದಡ ಎಂಬ ಈ ಸಣ್ಣ ಮಾತಿನಲ್ಲಿ ಎಷ್ಟು ನೆಲ ಅಡಗಿದೆ? 4 ಮೀಟರ್ ಅಗಲದ ಮೂರನೇ ದರ್ಜೆಯ ಕಾಲುವೆಯನ್ನು ತೆಗೆದುಕೊಳ್ಳಿ. ನಡುವಿನಿಂದ 15 ಮೀಟರ್ ಎಂದರೆ ದಡದಿಂದ 13. ದಡದಿಂದ 25 ಮೀಟರ್ ಬಿಟ್ಟಿದ್ದರೆ ಒಂದೊಂದು ಬದಿಗೂ 12 ಮೀಟರ್ ಹೆಚ್ಚು ಸಿಗುತ್ತಿತ್ತು. ಒಂದು ಕಿ.ಮೀ. ಉದ್ದಕ್ಕೆ ಎರಡೂ ಬದಿ ಸೇರಿಸಿದರೆ 24,000 ಚದರ ಮೀಟರ್, ಅಂದರೆ 5 ಎಕರೆ 37 ಗುಂಟೆ. 2022ರಂಥ ಮಳೆಯ ದಿನ ಅದು ಕಟ್ಟಡವೋ ತೋಪೋ ಎಂಬುದರ ಮೇಲೆ, ಆ ಒಂದು ಕಿ.ಮೀ.ಯಲ್ಲಿ 237 ಟ್ಯಾಂಕರ್ ನೀರು ಕಾಲುವೆಗೆ ನುಗ್ಗುತ್ತದೆಯೋ, ಅದರ ಕಾಲುಭಾಗಕ್ಕಿಂತ ಕಡಿಮೆಯೋ ಎಂಬುದು ನಿಲ್ಲುತ್ತದೆ. ಅಂಚು ಹಿಗ್ಗಿದ್ದರೆ ನಿವೇಶನ ಕಳೆದುಕೊಳ್ಳುತ್ತಿದ್ದವರಲ್ಲಿ ಸಾಲ ಮಾಡಿ ಒಂದೂವರೆ ಗುಂಟೆಯ ಸೈಟು ಕೊಂಡ ಸಾಮಾನ್ಯರೂ ಇದ್ದರು ಎಂಬುದನ್ನು ಮರೆಯುವಂತಿಲ್ಲ. ಆದರೆ ಮೀಸಲು ಅಂಚಿನ ವಾದ-ವಿವಾದಗಳಲ್ಲಿ ಮೀಟರುಗಳನ್ನು ಎಳೆದಾಡುವಾಗ, ಒಂದೊಂದು ಮೀಟರು ಎಷ್ಟು ನೀರು ಹಿಡಿಯುತ್ತದೆ ಎಂಬ ಲೆಕ್ಕ ಮೇಜಿನ ಮೇಲೆ ಇರುವುದನ್ನು ನಾನು ಕಂಡದ್ದು ಅಪರೂಪ.

ಗುಂಟೆಯ ಈ ಲೆಕ್ಕ ಹಸಿರಿನ ಮಾತಿಗೂ ಹೊಂದುತ್ತದೆ. ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಬೆಂಗಳೂರಿನ ಮರವುಳ್ಳ ಮತ್ತು ಮರವಿಲ್ಲದ ರಸ್ತೆಗಳನ್ನು ಹೋಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮರದ ನೆರಳಿನಲ್ಲಿ ಗಾಳಿಯ ಉಷ್ಣತೆ 5.6 ಡಿಗ್ರಿ ಸೆಲ್ಸಿಯಸ್‌ವರೆಗೂ, ರಸ್ತೆಯ ಮೈಯ ಉಷ್ಣತೆ 27.5 ಡಿಗ್ರಿವರೆಗೂ ಕಡಿಮೆ ಇತ್ತು. ಇವು ಗರಿಷ್ಠ ವ್ಯತ್ಯಾಸಗಳು, ಸರಾಸರಿಯಲ್ಲ. ಹಾಗಿದ್ದರೂ ಮಧ್ಯಾಹ್ನದ ಬಿಸಿಲಲ್ಲಿ ಸೊಪ್ಪು ಮಾರುತ್ತ ಗಾಡಿಯ ಪಕ್ಕ ನಿಂತವರಿಗೆ ಸರಾಸರಿಯಿಂದ ಏನೂ ಆಗಬೇಕಾದ್ದಿಲ್ಲ. ಒಂದು ಮಳೆಮರದ ನೆರಳು ಎರಡು-ಮೂರು ಗುಂಟೆ. 30 ಮೀಟರಿನ ಚುಕ್ಕೆಗೆ ಅದು ಒಂಟಿಯಾಗಿ ಕಾಣದು. ಗಾಡಿಯವರಿಗೆ ಅದೇ ಅಂಗಡಿ. ಊರಂಚಿನ ಗುಂಡುತೋಪುಗಳದ್ದೂ ಇದೇ ಪಾಡು. ಹಲಸು, ಮಾವು, ನೇರಳೆ, ಹುಣಸೆಗಳ ಆ ತೋಪುಗಳು ಹಳ್ಳಿಗಳಿಗೆ ನೆರಳು, ಹಣ್ಣು, ಸಂತೆ, ಜಾತ್ರೆ ಎಲ್ಲ ಆಗಿದ್ದವು. ದಾಖಲೆಯಲ್ಲಿ ಸರ್ಕಾರಿ ನೆಲ. ಶಾಲೆ, ಕಚೇರಿ, ನೀರಿನ ಟ್ಯಾಂಕು, ಸಮುದಾಯ ಭವನ ಏನು ಬಂದರೂ ಮೊದಲು ಕಣ್ಣು ಬೀಳುವುದು ಅಲ್ಲಿಗೆ.

ಬೆಳ್ಳಂದೂರಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನೊರೆ ರಸ್ತೆಗೆ ಹಾರಿದ್ದನ್ನೂ, 2018ರ ಜನವರಿಯಲ್ಲಿ ಕೆರೆಯಂಗಳ ಗಂಟೆಗಟ್ಟಲೆ ಹೊತ್ತಿ ಉರಿದದ್ದನ್ನೂ ಜಗತ್ತೇ ನೋಡಿದೆ. ಶುದ್ಧವಾಗದ ಕೊಳಚೆಯಲ್ಲಿನ ಸಾಬೂನು-ಮಾರ್ಜಕಗಳು ಕೋಡಿಯಲ್ಲಿ ಧುಮುಕುವಾಗ ಕಡೆದಂತಾಗಿ ನೊರೆಯೇಳುತ್ತದೆ. ತಳದ ಹೂಳಿನಲ್ಲಿ ಗಾಳಿಯಾಡದೆ ಮೀಥೇನು ಹುಟ್ಟುತ್ತದೆ. ಸಾರಜನಕ-ರಂಜಕ ಉಂಡ ಅಂತರಗಂಗೆ ಮೇಲೆ ಹಾಸಿಕೊಳ್ಳುತ್ತದೆ. ನನ್ನ ಗಮನ ಸೆಳೆದದ್ದು ಭಾಷೆಯಲ್ಲಿ ಆದ ಬದಲಾವಣೆ. ಒಂದು ತಲೆಮಾರಿನ ಹಿಂದೆ ರಾಜಕಾಲುವೆ ಎಂದರೆ ಕೆರೆಗೆ ನೀರು ತರುವ ಹಿರಿಯ ಕಾಲುವೆ. ಈಗ ಬೆಂಗಳೂರಿನ ಮಕ್ಕಳಿಗೆ ರಾಜಕಾಲುವೆ ಎಂದರೆ ದೊಡ್ಡ ಮೋರಿ. 800 ಕಿ.ಮೀ.ಗೂ ಹೆಚ್ಚು ಉದ್ದದ ಜಾಲದ ಅರ್ಥವೇ ತಿರುಗಿದ ಮೇಲೆ ಕಾಂಕ್ರೀಟು ತಡೆಗೋಡೆ ಕಟ್ಟಿದ್ದನ್ನು ಅಭಿವೃದ್ಧಿ ಎಂದು ಕರೆಯುವುದು ಸಹಜ. ತಳಕ್ಕೂ ಕಾಂಕ್ರೀಟು ಹಾಕಿದ ಕಾಲುವೆ ನೀರನ್ನು ಬೇಗ ಸಾಗಿಸುತ್ತದೆ, ನೆಲಕ್ಕೆ ಒಂದು ಹನಿಯನ್ನೂ ಇಳಿಸುವುದಿಲ್ಲ.

ಕೆರೆಗಳ ‘ಪುನಶ್ಚೇತನ’ವೂ ಬಹಳ ಕಡೆ ಇದೇ ಹಾದಿ ಹಿಡಿದಿದೆ. ಜೆಸಿಬಿ ಇಳಿಸಿ ತಳವನ್ನು ಸಮನಾಗಿ ಕೆರೆದು, ತೆಗೆದ ಮಣ್ಣಿನಿಂದ ನಾಲ್ಕೂ ಕಡೆ ಏರಿ ಹಾಕಿ, ಮೇಲೆ ನಡಿಗೆದಾರಿ, ಕಟಕಟೆ, ದೀಪ. ಕೆರೆ ಬಟ್ಟಲಾಗುತ್ತದೆ. ಮೇಲುಬದಿಯ ಆಳವಿಲ್ಲದ ನೆಲ, ಅಂದರೆ ಜೊಂಡು, ಹಕ್ಕಿ, ಮೀನುಮರಿ, ದನಕರುಗಳ ನೆಲ ಮೊದಲು ಮಾಯವಾಗುತ್ತದೆ. ಹರಿದುಬರುವ ಮಳೆನೀರಿಗೇ ಹೊಸ ಏರಿ ಅಡ್ಡವಾದ ಕೆರೆಗಳನ್ನು ನಾನೇ ಕಂಡಿದ್ದೇನೆ. ನಡಿಗೆದಾರಿ ಬೇಡವೆನ್ನುವವನಲ್ಲ ನಾನು. ಬೆಳಿಗ್ಗೆ ನಡೆಯಲು ಬರುವವರೇ ಎಷ್ಟೋ ಕೆರೆಗಳ ಈಗಿನ ನೀರುಗಂಟಿಗಳು. 13 ಎಕರೆ 25 ಗುಂಟೆಯ ಪುಟ್ಟೇನಹಳ್ಳಿ ಕೆರೆಯನ್ನು 2010ರಿಂದ ನೆರೆಹೊರೆಯವರೇ ಟ್ರಸ್ಟ್ ಕಟ್ಟಿಕೊಂಡು ಕಾಯುತ್ತ ಬಂದದ್ದು, ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಗೆ ನಿವಾಸಿಗಳು, ಸಂಶೋಧಕರು, ಪಾಲಿಕೆ ಕೂಡಿ ಮರುಜೀವ ಕೊಟ್ಟದ್ದು ಸಣ್ಣ ಮಾತಲ್ಲ.

ಇವುಗಳಲ್ಲಿ ನೆಲ-ಬಳಕೆಯ ಪಾಠಕ್ಕೆ ಜಕ್ಕೂರು ಕೆರೆ ಹೆಚ್ಚು ಒದಗುತ್ತದೆ. ಸುಮಾರು 160 ಎಕರೆಯ ಈ ಕೆರೆಯ ಮೇಲುಬದಿಗೆ ಜಲಮಂಡಳಿಯ ಕೊಳಚೆ ಶುದ್ಧೀಕರಣ ಘಟಕವಿದೆ. ಮೊದಲಿಗೆ ಅದರ ಸಾಮರ್ಥ್ಯ ದಿನಕ್ಕೆ 1 ಕೋಟಿ ಲೀಟರ್. ಘಟಕದಿಂದ ಹೊರಟ ನೀರು ನೇರ ಕೆರೆಗೆ ಬೀಳುವುದಿಲ್ಲ. ಜೊಂಡು ಬೆಳೆದ ಜೌಗನ್ನು ದಾಟಿ ಬರುತ್ತದೆ. ಅಲ್ಲಿ ನೀರಿನ ಓಟ ನಿಧಾನವಾಗುತ್ತದೆ, ತೇಲುವ ಕಣಗಳು ಕೆಳಗೆ ಕೂರುತ್ತವೆ, ಉಳಿದ ಸಾರಜನಕ-ರಂಜಕದ ಒಂದಷ್ಟನ್ನು ಗಿಡಗಳೂ ಬೇರಿಗಂಟಿದ ಸೂಕ್ಷ್ಮಜೀವಿಗಳೂ ಎಳೆದುಕೊಳ್ಳುತ್ತವೆ. ಕೆರೆ ವರ್ಷಪೂರ್ತಿ ತುಂಬಿರುತ್ತದೆ, ಮೀನು ಹಿಡಿಯುವವರಿಗೆ ಕಸುಬಿದೆ, ಸುತ್ತಲಿನ ಬಾವಿಗಳಲ್ಲಿ ನೀರಿದೆ. ಜೌಗಿನ ಗಿಡಗಳನ್ನು ಕಾಲಕಾಲಕ್ಕೆ ಕೊಯ್ಯದಿದ್ದರೆ ಅವು ಕೊಳೆತು ಉಂಡದ್ದನ್ನೇ ಕಕ್ಕುತ್ತವೆ. ಒಮ್ಮೆ ಮಾಡಿ ಮರೆಯುವ ಕೆಲಸ ಇದಲ್ಲ. ಗಮನಿಸಬೇಕಾದ ಸಂಗತಿಯೆಂದರೆ, ಈ ಜೌಗು ಇರುವುದು ಬೇರೆ ಕೆರೆಗಳಲ್ಲಿ ಮೇಲುಬದಿಯ ಹೊಸ ಏರಿ ನುಂಗಿಹಾಕಿದ ನೆಲದಲ್ಲೇ. ಕಂದಾಯಕ್ಕೆ ಖರಾಬು, ಗುತ್ತಿಗೆದಾರನಿಗೆ ಕೆಸರು, ಉಪಗ್ರಹಕ್ಕೆ ನೀರೂ ಅಲ್ಲದ ಹೊಲವೂ ಅಲ್ಲದ ಗೊಂದಲದ ಚುಕ್ಕೆ. ಕೆಲಸ ಮಾತ್ರ ಅದರದ್ದೇ.

ನಗರದ ನೆಲ-ಬಳಕೆ ಪಾಲಿಕೆಯ ಗಡಿಗೆ ಮುಗಿಯುವುದೂ ಇಲ್ಲ. 2018ರ ಜೂನಿನಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ, ಎರಡನೇ ಹಂತದವರೆಗೆ ಶುದ್ಧೀಕರಿಸಿದ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಮುಂದಿನ ತಿಂಗಳೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಾಣಿಸಿ, ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟಿನವರೆಗೂ ಹೋಯಿತು. ದಶಕಗಳಿಂದ ಬತ್ತಿದ ಕೆರೆಗಳು ತುಂಬಿದ್ದನ್ನು, ಬಾವಿಗಳಲ್ಲಿ ನೀರು ಮೇಲೆದ್ದದ್ದನ್ನು ಕೋಲಾರದ ರೈತರು ಅಲ್ಲಗಳೆಯುವುದಿಲ್ಲ. ಮೂರನೇ ಹಂತದ ಶುದ್ಧೀಕರಣ ಬೇಕೆಂಬ ಅವರ ಹೋರಾಟಗಾರರ ಒತ್ತಾಯವನ್ನೂ ತಳ್ಳಿಹಾಕುವಂತಿಲ್ಲ. ಅದು ಪ್ರತ್ಯೇಕ ಟಿಪ್ಪಣಿಗೆ ಬಿಟ್ಟ ವಿಷಯ.

ಇನ್ನು ವಿಧಾನದ ಬಗ್ಗೆ ನಾಲ್ಕು ಮಾತು. ಉಪಗ್ರಹದ ಚುಕ್ಕೆ ಗುಂಟೆಗೆ ಬಂದಿರುವ ಈ ಹೊತ್ತಿನಲ್ಲಿ ಅದನ್ನು ಗ್ರಾಮನಕ್ಷೆಯ ಮೇಲೆ ಹಾಸಿ ನೋಡಬಹುದು. ಒಂದು ಮೈಲಿಗೆ 8 ಅಂಗುಲದ ಲೆಕ್ಕದಲ್ಲಿ, ಸರಪಳಿ ಎಳೆದು ಬರೆದ ಆ ನಕ್ಷೆಗಳಲ್ಲಿ ಹಳ್ಳ, ಕಾಲುವೆ, ಕಟ್ಟೆ, ಬಂಡಿದಾರಿ, ತೋಪು ಎಲ್ಲವೂ ಇವೆ. ಸರ್ವೆ ಇಲಾಖೆಯ ‘ದಿಶಾಂಕ್’ ಆ್ಯಪಿನಿಂದಾಗಿ ನಾವು ನಿಂತ ಜಾಗದ ಸರ್ವೆ ನಂಬರು ಫೋನಿನಲ್ಲೇ ಸಿಗುತ್ತದೆ. ಆದರೆ ಎಚ್ಚರ ಬೇಕು. ಕಾಗದದ ನಕ್ಷೆ ನೂರು ವರ್ಷದಲ್ಲಿ ಹಿಗ್ಗಿ ಕುಗ್ಗಿರುತ್ತದೆ. ಎರಡು ಗ್ರಾಮಗಳ ನಕ್ಷೆಗಳನ್ನು ಗಡಿಯಲ್ಲಿ ಜೋಡಿಸಿದರೆ ಕಾಲುವೆಯ ಬಾಯಿಗೆ ಬಾಯಿ ಕೂಡುವುದಿಲ್ಲ. 10 ಮೀಟರಿನ ತಪ್ಪು ಎಂದರೆ ಒಂದು ಮನೆ ಉಳಿಯುವುದಕ್ಕೂ ಉರುಳುವುದಕ್ಕೂ ಇರುವ ಅಂತರ. ನಕ್ಷೆಯೊಂದನ್ನೇ ನಂಬಿ ಬುಲ್ಡೋಜರ್ ಕಳಿಸುವುದು, ಉಪಗ್ರಹವೊಂದನ್ನೇ ನಂಬಿ ಹಸಿರು ಉಳಿದಿದೆ ಎನ್ನುವುದು, ಎರಡೂ ಒಂದೇ ತರದ ಉಡಾಫೆ. ನೆಲದ ಮೇಲೆ ನಡೆಯಬೇಕು. ಇಳಿಜಾರು ನೋಡಬೇಕು. ಮಳೆ ಬಂದ ದಿನ ನೀರು ಯಾವ ರಸ್ತೆಯ ತಿರುವಿನಲ್ಲಿ ನಿಲ್ಲುತ್ತದೆ ಎಂದು ಗುರುತಿಸಬೇಕು. ನೀರು ತನ್ನ ಹಳೆಯ ದಾರಿಯನ್ನು ಮರೆಯುವುದಿಲ್ಲ.

ಮೂರನೆಯ ಆಧಾರ ನೆನಪು, ಮತ್ತು ಅದು ಬೇಗ ತೀರುತ್ತಿದೆ. ತೂಬು ತೆರೆದ ನೀರುಗಂಟಿಯನ್ನು ಕಣ್ಣಾರೆ ಕಂಡವರಿಗೆ ಈಗ ಎಪ್ಪತ್ತು ದಾಟಿದೆ. ಹೆಬ್ಬಾಳದಿಂದ ಹೊಸಕೆರೆಹಳ್ಳಿಯವರೆಗೆ, ಯಲಹಂಕದಿಂದ ವರ್ತೂರಿನವರೆಗೆ ಹಳೆಯ ಊರುಗಳಲ್ಲಿ ಹುಟ್ಟಿ ಬೆಳೆದ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಊರಿನ ಗ್ರಾಮನಕ್ಷೆಯ ಒಂದು ಪ್ರತಿಯನ್ನು ತರಿಸಿಕೊಳ್ಳಿ. ಮನೆಯ ಹಿರಿಯರ ಮುಂದೆ ಅದನ್ನು ಹರಡಿ, ಯಾವ ಕಾಲುವೆಗೆ ಏನು ಹೆಸರಿತ್ತು, ಕೋಡಿ ಯಾವ ಕಡೆ ಬೀಳುತ್ತಿತ್ತು, ಕುಂಟೆ ಎಲ್ಲಿತ್ತು, ತೋಪಿನಲ್ಲಿ ಯಾವ ಮರಗಳಿದ್ದವು ಎಂದು ಕೇಳಿ. ಅವರು ಬೆರಳಿಟ್ಟ ಕಡೆ ಪೆನ್ಸಿಲಿನಿಂದ ಬರೆದು, ದಿನಾಂಕ ಹಾಕಿ, ಒಂದು ಪ್ರತಿಯನ್ನು ಹತ್ತಿರದ ಕಾಲೇಜಿನ ಭೂಗೋಳ ವಿಭಾಗಕ್ಕೋ ಗ್ರಂಥಾಲಯಕ್ಕೋ ಕೊಡಿ. ಈ ಮಳೆಗಾಲ ಶುರುವಾಗುವ ಮುಂಚೆಯೇ ಮಾಡಿದರೆ ಒಳ್ಳೆಯದು.